ಖಾತೆಯಲ್ಲಿ ಇಲ್ಲದ ಹಣ, ಕಣ್ಣಿಗೆ ಬಾರದ ನಿದ್ದೆ

ಮೇಡಂ, ನನಗೆ 24 ವರ್ಷ, ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಹಳ್ಳಿಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹೊಸಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಹಾಳಾದ ಮಕ್ಕಳನ್ನು, ಮೊಣಕಾಲು ಮಡಚಲಾಗದ ಹಿರಿಯರನ್ನು ನೋಡುತ್ತಲೇ ಬೆಳೆದೆ. ಅದಕ್ಕೇ ಸಾರ್ವಜನಿಕ ಆರೋಗ್ಯ ಓದಬೇಕೆಂಬ ಆಸೆ ಹುಟ್ಟಿತು. ಇಂಗ್ಲೆಂಡಿನಲ್ಲಿ, ಲಂಡನ್ನಿನ ಹೊರಗಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ. ಮುಂಗಡ ನಾಲ್ಕು ಲಕ್ಷ ಕಟ್ಟಿಯಾಗಿದೆ. ವೀಸಾಗೆ ಇನ್ನೂ 24 ಲಕ್ಷ ಖಾತೆಯಲ್ಲಿ ತೋರಿಸಬೇಕಂತೆ. ನಮ್ಮ ಹತ್ತಿರ ಇರುವುದು ಏಳು. ಕನ್ಸಲ್ಟೆನ್ಸಿಯವರು ‘ಚಿಂತೆ ಬೇಡ, ಉಳಿದಿದ್ದನ್ನು ಒಂದು ತಿಂಗಳ ಮಟ್ಟಿಗೆ ನಿಮ್ಮಪ್ಪನ ಖಾತೆಗೆ ನಾವೇ ಹಾಕಿಸುತ್ತೇವೆ, ನೂರಕ್ಕೆ ಮೂರರಂತೆ ಬಡ್ಡಿ, ಸಹಿ ಮಾಡಿದ ಖಾಲಿ ಚೆಕ್ಕು ಕೊಡಿ, ಎಲ್ಲರೂ ಹೀಗೇ ಮಾಡುತ್ತಾರೆ’ ಎನ್ನುತ್ತಾರೆ. ಅಪ್ಪನಿಗೆ ಇದು ಗೊತ್ತಿಲ್ಲ. ಹಣ ಕಡಿಮೆ ಬಿದ್ದರೆ ಎರಡು ಎಕರೆ ಮಾರುತ್ತೇನೆ ಎನ್ನುತ್ತಾನೆ. ಊರಲ್ಲೆಲ್ಲ ‘ಮಗಳು ಫಾರಿನ್ನಿಗೆ ಹೊಂಟಾಳ’ ಎಂದು ಹೇಳಿಕೊಂಡು ಬಂದಿದ್ದಾನೆ. ಮೂರು ವಾರದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಸುಳ್ಳು ಹೇಳಲು ಭಯ, ಹೇಳದಿದ್ದರೆ ವೀಸಾ ಸಿಗುವುದಿಲ್ಲವೆಂಬ ಭಯ. ರಿಜೆಕ್ಟ್ ಆದರೆ ಊರಲ್ಲಿ ಮುಖ ಹೇಗೆ ತೋರಿಸಲಿ?
– ಹೆಸರು ಬೇಡ

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ನಿಧಾನವಾಗಿ ಎರಡು ಸಲ ಓದಿದೆ. ಮೂರು ವಾರದಿಂದ ಇಷ್ಟು ಭಾರವನ್ನು ಒಬ್ಬರೇ ಹೊತ್ತಿದ್ದೀರಿ. ಮನೆಯಲ್ಲಿ ಎಲ್ಲರೂ ಸಂಭ್ರಮದಲ್ಲಿರುವಾಗ ಒಳಗೊಳಗೇ ಹೆದರುತ್ತಾ, ಕೇಳಿದವರಿಗೆಲ್ಲ ನಗುತ್ತಾ ಉತ್ತರ ಕೊಡುವುದು ಸಣ್ಣ ಆಯಾಸವಲ್ಲ. ನಿದ್ದೆ ಬಾರದಿರುವುದು ನಿಮ್ಮ ದೌರ್ಬಲ್ಯದ ಗುರುತು ಎಂದುಕೊಳ್ಳಬೇಡಿ. ಇಂಥ ಸ್ಥಿತಿಯಲ್ಲಿ ಯಾರಿಗಾದರೂ ಹೀಗೇ ಆಗುತ್ತಿತ್ತು.

ನಿಮ್ಮೊಳಗೆ ಈಗ ಎರಡು ಭಯಗಳಿವೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಎರಡೂ ಒಂದೇ ಎನಿಸುತ್ತವೆ, ಆದರೆ ಅವು ಬೇರೆ ಬೇರೆ. ವೀಸಾ ಸಿಗದೇ ಹೋದರೆ ಎಂಬುದು ಮೊದಲನೆಯದು. ದೊಡ್ಡ ಪರೀಕ್ಷೆಯ ಮುಂದೆ ಎಲ್ಲರಿಗೂ ಬರುವ ಈ ಭಯ ತಯಾರಿ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ಎರಡನೆಯದು ಅಪ್ಪನ ಹೆಸರಿನಲ್ಲಿ, ಅಪ್ಪನಿಗೇ ತಿಳಿಯದಂತೆ ಒಂದು ಸುಳ್ಳಿಗೆ ಕೈಹಾಕುತ್ತಿದ್ದೇನಲ್ಲ ಎಂಬ ಭಯ. ಅದು ನಿಮ್ಮ ಮನಸ್ಸಾಕ್ಷಿಯ ಮಾತು. ಅದನ್ನು ಗುಣಪಡಿಸಬೇಕಾದ ಕಾಯಿಲೆ ಎಂದುಕೊಳ್ಳದೆ, ಅದು ಏನು ಹೇಳುತ್ತಿದೆಯೋ ಕೇಳಿಸಿಕೊಳ್ಳಿ.

ಹಳ್ಳಿಯಿಂದ ಮೊದಲ ಬಾರಿಗೆ ಹೊರದೇಶಕ್ಕೆ ಹೊರಡುವ ಎಷ್ಟೋ ಮಕ್ಕಳಲ್ಲಿ ನಾನು ಕಾಣುವ ಇನ್ನೊಂದು ಭಾವ ನಿಮ್ಮ ಪತ್ರದಲ್ಲೂ ಇದೆ, ನೀವು ಅದಕ್ಕೆ ಹೆಸರು ಕೊಟ್ಟಿಲ್ಲ ಅಷ್ಟೆ. ಅದು ನಾಚಿಕೆ. ವೀಸಾ ಅರ್ಜಿ ಮನೆಯ ಒಳಗನ್ನೆಲ್ಲ ಹೊರಗೆ ಹಾಕು ಎನ್ನುತ್ತದೆ. ಹಣ ಎಷ್ಟಿದೆ, ಯಾರ ಹೆಸರಲ್ಲಿದೆ, ಎಲ್ಲಿಂದ ಬಂತು? ನಮ್ಮ ಭಾಗದ ರೈತರ ಮನೆಗಳು ಇಂಥ ಲೆಕ್ಕವನ್ನು ಕಾಗದದ ಮೇಲೆ ಇಟ್ಟವೇ ಅಲ್ಲ. ಮೆಕ್ಕೆಜೋಳ ಮಾರಿದ ದುಡ್ಡು ದಲಾಲಿ ಅಂಗಡಿಯಿಂದ ಕೈಗೆ ಬರುತ್ತದೆ, ಗೊಬ್ಬರದಂಗಡಿಗೆ ಹೋಗುತ್ತದೆ. ಅಕ್ಕನ ಮದುವೆಗೆ ಸೋದರಮಾವ ಕೊಟ್ಟ ಕೈಗಡಕ್ಕೆ ಚೀಟಿಯೂ ಇರುವುದಿಲ್ಲ, ಮಾತೇ ಪತ್ರ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ, ಹಾಗಾಗಿ ರಿಟರ್ನ್ಸ್ ಕೂಡ ಸಲ್ಲಿಸಿರುವುದಿಲ್ಲ. ಹೆಸರಿನ ಕಥೆಯಂತೂ ಹೇಳುವುದೇ ಬೇಡ. ಒಬ್ಬರೇ ಮನುಷ್ಯ ಪಹಣಿಯಲ್ಲಿ ಕೊಟ್ರಪ್ಪ, ಆಧಾರಿನಲ್ಲಿ ಕೊಟ್ರೇಶಪ್ಪ, ಮಗಳ ಅಂಕಪಟ್ಟಿಯಲ್ಲಿ ಬರೀ ‘ಕೆ.’ ಎಂಬ ಇನಿಶಿಯಲ್. ಹಳೆಯ ದಾಖಲೆ ಬಳ್ಳಾರಿ ಜಿಲ್ಲೆ ಎನ್ನುತ್ತದೆ, 2021ರ ನಂತರದ್ದು ವಿಜಯನಗರ ಜಿಲ್ಲೆ ಎನ್ನುತ್ತದೆ. ಹರಪನಹಳ್ಳಿಯವರ ಪೆಟ್ಟಿಗೆಯಲ್ಲಿ ದಾವಣಗೆರೆಯ ಮುದ್ರೆಯೂ ಇರುತ್ತದೆ.

ಇದನ್ನೆಲ್ಲ ಹರಡಿಕೊಂಡು ಕೂತಾಗ, ಎದುರಿಗೆ ಟೈ ಕಟ್ಟಿದ ಒಬ್ಬರು ‘ಈ ಡಾಕ್ಯುಮೆಂಟ್ಸ್ ನಡೆಯಲ್ಲ’ ಎಂದಾಗ, ನಮ್ಮ ಬದುಕೇ ನಡೆಯುವುದಿಲ್ಲ ಎಂದ ಹಾಗೆ ಕೇಳಿಸುತ್ತದೆ. ಅಲ್ಲಿಂದ ‘ನಮ್ಮ ನಿಜ ಸಾಲದು, ಸುಳ್ಳು ಬೇಕು’ ಎಂಬಲ್ಲಿಗೆ ಮನಸ್ಸು ಬಹಳ ಬೇಗ ಬಂದುಬಿಡುತ್ತದೆ. ತಂಗಿ, ನಿಮ್ಮ ಮನೆಯಲ್ಲಿ ಕಡಿಮೆ ಇರುವುದು ಕಾಗದ. ಅಪ್ಪನ ದುಡಿಮೆ ನಿಜ, ನಿಮ್ಮ ಎರಡು ವರ್ಷದ ನೌಕರಿ ನಿಜ, ಓದುವ ಕಾರಣವೂ ನಿಜ. ನಿಜಕ್ಕೆ ಕಾಗದ ಒದಗಿಸುವುದು ಬೇಸರದ, ನಿಧಾನದ ಕೆಲಸ, ಆದರೆ ಆಗುವ ಕೆಲಸ.

ಈಗ ಆ ‘ಶೋ ಮನಿ’ಯ, ಅಂದರೆ ಖಾತೆಯಲ್ಲಿ ತೋರಿಸಲಷ್ಟೇ ಬಡ್ಡಿಗೆ ತರುವ ಹಣದ ಮಾತು. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು: ಬೇಡ. ‘ಎಲ್ಲರೂ ಮಾಡುತ್ತಾರೆ’ ಎಂದು ಹೇಳಿದವರು ಅರ್ಜಿಯ ಕೊನೆಯಲ್ಲಿ ಸಹಿ ಮಾಡುವುದಿಲ್ಲ, ಸಹಿ ನಿಮ್ಮದು. ಹಣ ನಿಜವಾಗಿ ನಿಮ್ಮ ಬಳಕೆಗೆ ಇದೆಯೇ ಎಂದು ವೀಸಾ ಅಧಿಕಾರಿಗಳು ಬ್ಯಾಂಕಿನಲ್ಲಿ ವಿಚಾರಿಸಬಹುದು, ವರ್ಷವಿಡೀ ಸಾವಿರಗಳಲ್ಲಿ ಓಡಾಡಿದ ಖಾತೆಗೆ ಒಂದೇ ದಿನ ಹದಿನೇಳು ಲಕ್ಷ ಬಂದಿದ್ದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಾಗದ ಸಾಲದೆ ವೀಸಾ ತಿರಸ್ಕೃತವಾದರೆ ಸರಿಪಡಿಸಿ ಮತ್ತೆ ಹಾಕಬಹುದು. ವಂಚನೆ ಎಂದು ತಿರಸ್ಕೃತವಾದರೆ ಬ್ರಿಟನ್ನಿನ ನಿಯಮದಲ್ಲಿ ಹತ್ತು ವರ್ಷದ ನಿರ್ಬಂಧವಿದೆ, ಬೇರೆ ದೇಶಗಳ ಅರ್ಜಿಗಳಲ್ಲೂ ಅದನ್ನು ಹೇಳಿಕೊಳ್ಳಬೇಕಾಗುತ್ತದೆ. ಖಾಲಿ ಚೆಕ್ಕಿಗೆ ಅಪ್ಪನ ಸಹಿ ಹಾಕಿಸಿ ಅಪರಿಚಿತರ ಕೈಗೆ ಕೊಡುವುದರ ಅಪಾಯವನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಸುಳ್ಳು ದಾಖಲೆಗಳು ವೀಸಾ ಸಿಕ್ಕ ದಿನಕ್ಕೇ ಮುಗಿಯುವುದೂ ಇಲ್ಲ. 2023ರಲ್ಲಿ ಕೆನಡಾದಲ್ಲಿದ್ದ ಪಂಜಾಬಿನ ಹಲವು ವಿದ್ಯಾರ್ಥಿಗಳಿಗೆ ಗಡೀಪಾರಿನ ನೋಟಿಸು ಬಂದಿದ್ದು ನೆನಪಿರಬಹುದು. ಏಜೆಂಟು ಕೊಟ್ಟಿದ್ದ ಪ್ರವೇಶ ಪತ್ರವೇ ನಕಲಿ ಎಂಬುದು ಅವರಲ್ಲಿ ಬಹಳ ಮಂದಿಗೆ ತಿಳಿದಿದ್ದು ಓದು ಮುಗಿದು, ಕೆಲಸ ಸಿಕ್ಕಿ, ಅಲ್ಲಿಯೇ ನೆಲೆಸಲು ಅರ್ಜಿ ಹಾಕಿದ ಮೇಲೆ. ಆ ಮಕ್ಕಳಲ್ಲಿ ಅನೇಕರು ಏನೂ ಅರಿಯದವರು. ನಿಮಗಾದರೆ ಈಗಲೇ ಗೊತ್ತಾಗಿದೆ. ಇನ್ನೂ ಏನೂ ಆಗಿಲ್ಲ, ನೀವು ಯಾವ ತಪ್ಪನ್ನೂ ಮಾಡಿಲ್ಲ.

ಹಾಗಾದರೆ ಹದಿನೇಳು ಲಕ್ಷ ಎಲ್ಲಿಂದ? ಕನ್ಸಲ್ಟೆನ್ಸಿಯವರು ನಿಮಗೆ ಅರ್ಧ ನಿಯಮವನ್ನಷ್ಟೇ ಹೇಳಿದ್ದಾರೆ. ಬಾಕಿ ಶುಲ್ಕದ ಜೊತೆಗೆ ಜೀವನ ವೆಚ್ಚವನ್ನು ತೋರಿಸಬೇಕು ಎಂಬುದು ಸರಿ. ಲಂಡನ್ನಿನ ಹೊರಗಿನವರಿಗೆ 2025ರ ನವೆಂಬರಿನಿಂದ ಅದು ತಿಂಗಳಿಗೆ 1,171 ಪೌಂಡ್, ಒಂಬತ್ತು ತಿಂಗಳಿಗೆ 10,539 ಪೌಂಡ್, ಅಂದರೆ ಸುಮಾರು 12 ಲಕ್ಷ ರೂಪಾಯಿಯ ಆಸುಪಾಸು. ಈ ಮೊತ್ತ ಕಾಲಕಾಲಕ್ಕೆ ಬದಲಾಗುತ್ತದೆ, ಅರ್ಜಿ ಹಾಕುವ ವಾರ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ. ಹಣ ಸತತ 28 ದಿನ ಖಾತೆಯಲ್ಲಿರಬೇಕು ಎಂಬುದೂ ಸರಿ. ಆದರೆ ಬ್ಯಾಂಕಿನ ಶೈಕ್ಷಣಿಕ ಸಾಲ ಮಂಜೂರಾಗಿದ್ದರೆ ಆ ಸಾಲದ ಮೊತ್ತಕ್ಕೆ 28 ದಿನದ ನಿಯಮ ಅನ್ವಯಿಸುವುದಿಲ್ಲ. ಅರ್ಜಿಗೆ ಹಿಂದಿನ ಆರು ತಿಂಗಳೊಳಗಿನ ಮಂಜೂರಾತಿ ಪತ್ರವೇ ಪುರಾವೆ. ಪತ್ರದಲ್ಲಿ ನಿಮ್ಮ ಹೆಸರು, ಬ್ಯಾಂಕಿನ ಹೆಸರು, ದಿನಾಂಕ, ಮೊತ್ತ, ಇದು ಶೈಕ್ಷಣಿಕ ಸಾಲ ಎಂಬುದು, ನೀವು ಹೊರಡುವ ಮೊದಲೇ ಹಣ ದೊರೆಯುತ್ತದೆ ಎಂಬುದು ಸ್ಪಷ್ಟವಾಗಿರಲಿ.

ಇನ್ನೂ ಒಂದು ಮಾತನ್ನು ಕನ್ಸಲ್ಟೆನ್ಸಿಯವರು ನಿಮಗೆ ಹೇಳಿದಂತಿಲ್ಲ. ಬ್ರಿಟನ್ನಿನ ಲೆಕ್ಕದಲ್ಲಿ ಜಮೀನು ಹಣವಲ್ಲ. ಎರಡು ಎಕರೆಯ ಪಹಣಿಯಾಗಲಿ, ಬಂಗಾರದ ಮೌಲ್ಯಪತ್ರವಾಗಲಿ ಅಲ್ಲಿ ಎಣಿಕೆಗೆ ಬರುವುದಿಲ್ಲ. ನಿಮ್ಮ ಅಥವಾ ತಂದೆತಾಯಿಯ ಖಾತೆಯ ಹಣ ಮತ್ತು ಮಂಜೂರಾದ ಸಾಲವೇ ಮುಖ್ಯ. ಸೋದರಮಾವನಂಥ ಬಂಧುಗಳ ಖಾತೆಯನ್ನು ಹಾಗೇ ತೋರಿಸಲಾಗದು. ಬಂಧುಗಳು ನಿಜವಾಗಿ ಕೊಡುವುದಾದರೆ ಅದು ನಿಮ್ಮ ಖಾತೆಗೋ ಅಪ್ಪನ ಖಾತೆಗೋ ಬಂದು, ಅಲ್ಲಿ 28 ದಿನ ಇರಬೇಕು.

ಸಾಲಕ್ಕೆ ‘ವಿದ್ಯಾ ಲಕ್ಷ್ಮಿ’ ಪೋರ್ಟಲ್ಲಿನಲ್ಲಿ ಒಂದೇ ಅರ್ಜಿ ತುಂಬಿ ಹಲವು ಬ್ಯಾಂಕುಗಳಿಗೆ ಕಳಿಸಬಹುದು. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ, ಮೇಲಿನದಕ್ಕೆ ಕೇಳುತ್ತವೆ. ಕೃಷಿ ಜಮೀನನ್ನು ಹಿಡಿಯಲು ಮ್ಯಾನೇಜರು ಹಿಂದೆಮುಂದೆ ನೋಡಿದರೆ ಅವಮಾನ ಎಂದುಕೊಳ್ಳಬೇಡಿ. ಸಾಲ ವಸೂಲಾತಿಯ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದು, ಅದು ಅವರ ಅಳುಕು. ಮನೆಯೋ ನಿವೇಶನವೋ ಇದ್ದರೆ ಕೇಳಿ ನೋಡಿ. ಪಂಚಾಯತಿ ವ್ಯಾಪ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಮೊದಲು ಮಾಡಿಸಿಟ್ಟುಕೊಳ್ಳಿ.

ನಿಮ್ಮ ಸಮುದಾಯ ಯಾವುದೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಆದರೆ ಇದನ್ನು ಓದುತ್ತಿರುವ ಬೇರೆಯವರಿಗೂ ಆಗಲಿ ಎಂದು ಹೇಳುತ್ತೇನೆ: ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ವಿದೇಶ ವ್ಯಾಸಂಗದ ಸಾಲವಿದೆ. ಹಿಂದುಳಿದ ವರ್ಗದವರು ತಮ್ಮ ನಿಗಮದಲ್ಲಿ ಯಾವ ನೆರವಿದೆ ಎಂದು ವಿಚಾರಿಸಬೇಕು. ಇವಕ್ಕೆಲ್ಲ ಅರ್ಜಿಯ ಕಾಲ ನಿಗದಿಯಾಗಿರುತ್ತದೆ. ಸೀಟಿಗೆ ಅರ್ಜಿ ಹಾಕುವ ಮೊದಲೇ ಹೋಗಿ ಕೇಳಿ, ವೀಸಾ ಹೊತ್ತಿಗೆ ಕೇಳಿದರೆ ತಡವಾಗಿರುತ್ತದೆ.

ಇಷ್ಟಾಗಿಯೂ ಸಾಲ, ಕೋರ್ಸು ಶುರುವಾಗುವ ಈ ಸೆಪ್ಟೆಂಬರಿನೊಳಗೆ ಆಗದೇ ಹೋಗಬಹುದು. ಆಗ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ನೀವೇ ನೇರವಾಗಿ ಇಮೇಲ್ ಬರೆದು, ಸೀಟನ್ನು ಮುಂದಿನ ಪ್ರವೇಶಕ್ಕೆ ಮುಂದೂಡಲು ಸಾಧ್ಯವೇ, ಕಟ್ಟಿದ ಮುಂಗಡ ಏನಾಗುತ್ತದೆ ಎಂದು ಕೇಳಿ. ಬಹಳಷ್ಟು ಕೋರ್ಸುಗಳಿಗೆ ಜನವರಿಯಲ್ಲೂ ಪ್ರವೇಶವಿರುತ್ತದೆ. ಅವರಿಗೆ ದಿನಾ ಇಂಥ ಪತ್ರಗಳು ಬರುತ್ತವೆ, ಯಾರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ. ಕೆಲವು ತಿಂಗಳು ತಡವಾಗಿ ಹೋದ ನರ್ಸು ಅಷ್ಟೇ ಚೆನ್ನಾಗಿ ಓದುತ್ತಾಳೆ. ಎಷ್ಟೋ ಸಲ ನಮ್ಮನ್ನು ಸುಳ್ಳಿಗೆ ನೂಕುವುದು ಬಡತನಕ್ಕಿಂತ ಹೆಚ್ಚಾಗಿ ಅವಸರ.

ಇನ್ನು ಕಷ್ಟದ ಕೆಲಸಕ್ಕೆ ಬರೋಣ, ಅಪ್ಪನ ಹತ್ತಿರ ಮಾತಾಡುವುದು. ‘ಹೇಳಿದರೆ ಅಪ್ಪ ಕುಸಿದುಬಿಡುತ್ತಾನೆ’ ಎಂಬ ಅಂಜಿಕೆ ನಿಮ್ಮ ಪತ್ರದ ಪ್ರತಿ ಸಾಲಿನಲ್ಲೂ ಇದೆ. ಆದರೆ ಮಳೆ ಕೈಕೊಟ್ಟ ವರ್ಷಗಳನ್ನು, ಬೆಲೆ ಬಿದ್ದ ವರ್ಷಗಳನ್ನು ದಾಟಿಬಂದ ಮನುಷ್ಯ ಆತ. ಕೆಟ್ಟ ಸುದ್ದಿಯನ್ನು ತಾಳಿಕೊಳ್ಳುವ ಶಕ್ತಿ ನಿಮಗಿಂತ ಆತನಿಗೇ ಹೆಚ್ಚು ಇರಬಹುದು. ಮಗಳು ತನ್ನಿಂದ ಮುಚ್ಚಿಟ್ಟಳು ಎಂಬುದು ಆಮೇಲೆ ಬೇರೆಯವರ ಬಾಯಿಂದ ತಿಳಿದರೆ ಮಾತ್ರ ಆ ನೋವು ಬೇರೆ. ಜನ ಬಂದು ಹೋಗುವ ಹೊತ್ತು ಬಿಟ್ಟು, ರಾತ್ರಿ ಊಟವಾದ ಮೇಲೆ ಅವ್ವನನ್ನೂ ಕೂರಿಸಿಕೊಂಡು ಮಾತು ತೆಗೆಯಿರಿ. ‘ಅಪ್ಪಾ, ಹೊಲ ಮಾರ್ತೀನಿ ಅಂತ ನೀನು ಅಂದಾಗಿಂದ ನನಗ ನಿದ್ದಿ ಇಲ್ಲ. ಏನೂ ತೀರ್ಮಾನ ಮಾಡಬ್ಯಾಡ, ಮೊದಲು ಒಂದು ತಾಸು ಕುಂತು ಲೆಕ್ಕ ಹಾಕಾನ’ ಎನ್ನಿ. ಕನ್ಸಲ್ಟೆನ್ಸಿಯವರು ಹೇಳಿದ ದಾರಿಯನ್ನೂ ಹೇಳಿ, ನನಗೆ ಅದು ಬೇಡ ಎಂದೂ ಹೇಳಿ. ಮೊದಲು ಅಪ್ಪ ಸಿಟ್ಟಾಗಬಹುದು, ಸುಮ್ಮನಾಗಲೂಬಹುದು. ಆ ಮೌನವನ್ನು ತುಂಬಲು ಅವಸರ ಮಾಡಬೇಡಿ.

ಲೆಕ್ಕಕ್ಕೆ ಕೂತಾಗ ವೀಸಾ ಶುಲ್ಕ, ವಿಮಾನದ ಟಿಕೆಟ್ಟು, ವರ್ಷಕ್ಕೆ 776 ಪೌಂಡಿನಂತೆ ಮುಂಗಡ ಕಟ್ಟಬೇಕಾದ ಆರೋಗ್ಯ ಶುಲ್ಕ ಎಲ್ಲವನ್ನೂ ಬರೆಯಿರಿ. ಒಂದು ವರ್ಷದ ಎಂ.ಎಸ್ಸಿ.ಗೆ ವೀಸಾ ಅವಧಿ ವರ್ಷಕ್ಕಿಂತ ಹೆಚ್ಚಿರುವುದರಿಂದ ಆರೋಗ್ಯ ಶುಲ್ಕ ಸಾಮಾನ್ಯವಾಗಿ 1,164 ಪೌಂಡ್ ಆಗುತ್ತದೆ. ‘ಅಲ್ಲಿ ಕೆಲಸ ಮಾಡಿ ತೀರಿಸ್ತೀನಿ’ ಎಂಬ ಮಾತನ್ನು ಸದ್ಯಕ್ಕೆ ಲೆಕ್ಕದಿಂದ ಹೊರಗಿಡಿ. ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಓದಿನ ನಂತರ ಉಳಿಯಲು ಸಿಗುತ್ತಿದ್ದ ಎರಡು ವರ್ಷದ ಅವಕಾಶವೂ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅಲ್ಲಿ ಕೆಲಸ ಸಿಗದೆ ವಾಪಸು ಬಂದರೂ ಹೊಸಪೇಟೆಯ ಸಂಬಳದಲ್ಲಿ, ಬಳ್ಳಾರಿಯ ಸಂಬಳದಲ್ಲಿ ಈ ಸಾಲ ತೀರೀತೇ? ಈ ಪ್ರಶ್ನೆಗೆ ಮೂವರೂ ಕೂಡಿ ಉತ್ತರ ಹುಡುಕಿ. ಉತ್ತರ ‘ಕಷ್ಟ’ ಎಂದಾದರೆ, ನಮ್ಮಲ್ಲೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದು ಇದೆ, ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲೂ ಇದೆ. ಅದನ್ನು ಸೋಲೆಂದು ಎಣಿಸಬೇಡಿ. ಹೊಲದ ವಿಚಾರ ಎಲ್ಲಕ್ಕಿಂತ ಕೊನೆಗೆ ಬರಲಿ.

ಹೋಗುವುದೇ ಎಂದು ತೀರ್ಮಾನವಾದರೆ ಕಾಗದಗಳಿಗೆ ಕೈಹಾಕಿ. ಅಪ್ಪನ ಖಾತೆಯ ಹಣ ತೋರಿಸಲು ನಿಮ್ಮ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಜನನ ನೋಂದಣಿಯೇ ಆಗಿಲ್ಲದಿದ್ದರೆ ಉಪವಿಭಾಗಾಧಿಕಾರಿಯವರ ಆದೇಶದವರೆಗೂ ಹೋಗಬೇಕಾಗುತ್ತದೆ, ಹಾಗಾಗಿ ಅದನ್ನೇ ಮೊದಲು ನೋಡಿ. ಹೆಸರಿನ ವ್ಯತ್ಯಾಸ ತಿದ್ದಿಸಲು ಆಗುವುದನ್ನು ತಿದ್ದಿಸಿ, ಆಗದ್ದಕ್ಕೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ. ಜಿಲ್ಲೆ ಬದಲಾದ ಸಂಗತಿಗೆ ಅರ್ಜಿಯ ಜೊತೆಗಿಡುವ ಪತ್ರದಲ್ಲಿ ಒಂದು ಸಾಲಿನ ವಿವರಣೆ ಸಾಕು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು, ಅನುವಾದಿಸಿದವರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಅದರಲ್ಲಿರಬೇಕು. ಕ್ಷಯ ತಪಾಸಣೆಯನ್ನು ಬ್ರಿಟನ್ ಮಾನ್ಯ ಮಾಡಿದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು, ಬೆರಳಚ್ಚನ್ನು ವೀಸಾ ಕೇಂದ್ರದಲ್ಲೇ ಕೊಡಬೇಕು. ಎರಡಕ್ಕೂ ಬೆಂಗಳೂರಿಗೆ ಹೋಗಬೇಕಾಗುವುದರಿಂದ ಒಂದೇ ಪ್ರಯಾಣದಲ್ಲಿ ಮುಗಿಯುವಂತೆ ದಿನ ಹೊಂದಿಸಿಕೊಳ್ಳಿ. ತಪಾಸಣೆಯ ಪತ್ರಕ್ಕೆ ಆರು ತಿಂಗಳ ಬಾಳಿಕೆ ಇದೆ.

ಸಂದರ್ಶನಕ್ಕೆ ಕರೆದರೆ ಗಾಬರಿಯಾಗಬೇಡಿ. ಈ ಕೋರ್ಸೇ ಏಕೆ, ಹಣ ಯಾರು ಕೊಡುತ್ತಾರೆ, ಓದಿ ಏನು ಮಾಡುತ್ತೀರಿ, ಇಷ್ಟನ್ನು ಕೇಳುತ್ತಾರೆ. ಕನ್ಸಲ್ಟೆನ್ಸಿಗಳು ಬರೆದುಕೊಡುವ ಉತ್ತರಗಳು ಎಲ್ಲ ಮಕ್ಕಳಿಗೂ ಒಂದೇ ಆಗಿರುತ್ತವೆ. ಬೋರಿನ ನೀರು ಮತ್ತು ಮಕ್ಕಳ ಹಲ್ಲಿನ ಬಗ್ಗೆ ನನಗೆ ಬರೆದಿರಲ್ಲ, ಅದನ್ನೇ ನಿಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿ. ಅದು ನಿಮ್ಮದೇ ಮಾತು, ಬಾಯಿಪಾಠ ಮಾಡಬೇಕಾಗಿಲ್ಲ.

ರಿಜೆಕ್ಟ್ ಆದರೆ ಊರಿಗೆ ಮುಖ ಹೇಗೆ ತೋರಿಸಲಿ ಎಂದು ಕೇಳಿದ್ದೀರಿ. ಊರು ನಾಲ್ಕು ದಿನ ಕೇಳುತ್ತದೆ. ‘ಈ ಸಲ ಆಗಲಿಲ್ಲ, ಕಾಗದ ಸರಿಮಾಡಿಸ್ತಿದೀವಿ’ ಎಂಬ ಒಂದು ಉತ್ತರವನ್ನು ಮನೆಯವರೆಲ್ಲ ಈಗಲೇ ಸೇರಿ ಸಿದ್ಧಮಾಡಿಟ್ಟುಕೊಳ್ಳಿ. ಉತ್ತರ ಸಿದ್ಧವಿದ್ದರೆ ಪ್ರಶ್ನೆಯ ಚುಚ್ಚು ಕಡಿಮೆ. ತಿರಸ್ಕಾರದ ಪತ್ರದಲ್ಲಿ ಕಾರಣ ಬರೆದಿರುತ್ತಾರೆ. ಅಧಿಕಾರಿಯದೇ ತಪ್ಪೆನಿಸಿದರೆ 28 ದಿನದೊಳಗೆ ಮರುಪರಿಶೀಲನೆ ಕೇಳಬಹುದು, ನಮ್ಮದೇ ಕಾಗದ ಬಿಟ್ಟುಹೋಗಿದ್ದರೆ ಹೊಸ ಅರ್ಜಿ ಹಾಕಬಹುದು. ವೀಸಾ ಶುಲ್ಕ ಹೋಗುತ್ತದೆ, ಆರೋಗ್ಯ ಶುಲ್ಕ ವಾಪಸು ಬರುತ್ತದೆ. ಆ ಪತ್ರ ಹೇಳುವುದು ಒಂದು ಫೈಲಿನ ಬಗ್ಗೆ. ರಾತ್ರಿ ಪಾಳಿಯಲ್ಲಿ ರೋಗಿಗಳನ್ನು ನೋಡಿಕೊಂಡ ನಿಮ್ಮ ಬಗ್ಗೆ ಅದಕ್ಕೇನೂ ಗೊತ್ತಿಲ್ಲ.

ಇದನ್ನು ಓದುತ್ತಿರುವ ಅಪ್ಪಂದಿರಿಗೆ, ಅವ್ವಂದಿರಿಗೆ ಒಂದು ಮಾತು. ಮಗಳು, ಮಗ ವೀಸಾ ತಯಾರಿಯಲ್ಲಿದ್ದರೆ ಪಟ್ಟಣದ ಆ ಕಚೇರಿಗೆ ಒಮ್ಮೆ ನೀವೂ ಜೊತೆಗೆ ಹೋಗಿ ಕೂತುಕೊಳ್ಳಿ. ಇಂಗ್ಲಿಷ್ ಬಾರದಿದ್ದರೂ ಪರವಾಗಿಲ್ಲ. ‘ಆಗದಿದ್ದರೂ ಮನೆ ಇದೆ’ ಎಂಬ ಮಾತನ್ನು ಫಲಿತಾಂಶ ಬರುವ ಮೊದಲೇ ಹೇಳಿಬಿಡಿ.

ತಂಗಿ, ಅಪ್ಪನೊಂದಿಗೆ ಮಾತಾಡಿದ ಮೇಲೂ ಎರಡು ವಾರ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆನಿಸುವ ಯೋಚನೆ ಒಂದು ಗಳಿಗೆ ಬಂದರೂ, ತಡಮಾಡದೆ 14416ಕ್ಕೆ ಕರೆಮಾಡಿ. ಅದು ಟೆಲಿ ಮಾನಸ್, ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ, ದಿನ ಯಾವುದೆಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ಕನ್ಸಲ್ಟೆನ್ಸಿಯ ಬಳಿ ನಿಮ್ಮ ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಇದ್ದರೆ ಈ ವಾರವೇ ವಾಪಸು ತೆಗೆದುಕೊಳ್ಳಿ, ಜೆರಾಕ್ಸ್ ಸಾಕು ಎನ್ನಿ. ಅರ್ಜಿಯ ಲಾಗಿನ್ ಮತ್ತು ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಸೋಮವಾರ ಬ್ಯಾಂಕಿಗೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗಿ. ಸೀಟಿನ ಪತ್ರ, ಮುಂಗಡ ಕಟ್ಟಿದ ರಸೀದಿ, ನಿಮ್ಮ ಸಂಬಳದ ಚೀಟಿಗಳು, ಅಪ್ಪನ ಪಾಸ್‌ಬುಕ್ಕು ಜೊತೆಗಿರಲಿ. ಮ್ಯಾನೇಜರು ಏನು ಹೇಳಿದರೆಂದು ನನಗೆ ಬರೆಯಿರಿ, ಅಲ್ಲಿಂದ ಮುಂದಿನದನ್ನು ನೋಡೋಣ.